ಆಯುಧ ಪೂಜೆಯ ದಿನ ಕೆಮ್ಮಿದ ಕೆಂಪು ಕಾರು

ಕಾರು ಸ್ಟಾರ್ಟ್ ಆಗದಿರಲಿ ತಾಯಿ ಎಂದು ದೇವಿಯ ಮುಂದೆ ಕೈಮುಗಿದ ಹೆಂಗಸು ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಬೇಡಿಕೊಳ್ಳುವಾಗ ನಾಚಿಕೆಯಾಯಿತು, ನಿಜ. ಆದರೂ ಬಲಗಡೆ ಹೂವು ಬೀಳುತ್ತದೆಯೇನೋ ಎಂದು ಒಂದು ಕಣ್ಣು ತೆರೆದು ನೋಡಿದೆ.

ಕಾರು ನಮ್ಮ ಯಜಮಾನರದು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಂತಿರುವ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಕಳಸದ ಕಡೆಯ ತೋಟವೊಂದರ ಶೆಡ್ಡಿನಲ್ಲಿ ಕೋಳಿಗಳು ಅದರೊಳಗೆ ಮೊಟ್ಟೆಯಿಡುತ್ತಿದ್ದವು. ಎರಡು ವರ್ಷದ ಹಿಂದೆ ಇವರು ಅದನ್ನು ಲಾರಿಯಲ್ಲಿ ತಂದು ನಮ್ಮ ಕಾಫಿ ಗೋಡೌನಿನಲ್ಲಿ ಇಳಿಸಿದರು.

"ಮನೇಲೇ ರಿಪೇರಿ ಮಾಡ್ತೀನಿ ಸಾವಿತ್ರಿ. ಒಂದ್ ತಿಂಗಳು ಸಾಕು" ಅಂದರು.

ಅಂದಿನಿಂದ ನನ್ನ ಮೊರದಲ್ಲಿ ನಟ್ಟು, ಇಡ್ಲಿ ತಟ್ಟೆಯ ಗುಳಿಗಳಲ್ಲಿ ಅಳತೆವಾರು ಬೋಲ್ಟು. ಕಾಫಿ ಮೂಟೆಗಳು ನಡುಮನೆಗೆ ಬಂದವು. ನೆಂಟರು ಮೂಟೆಯ ಮೇಲೆ ಕೂತೇ ಕಾಫಿ ಕುಡಿಯುತ್ತಾರೆ. ಇದರಲ್ಲೂ ದೇವರ ದಯೆ ಇಲ್ಲದಿಲ್ಲ. ಗಂಡ ಎಲ್ಲಿದ್ದಾರೆಂದು ಹುಡುಕಬೇಕಾಗಿಲ್ಲ. ಕಾರಿನಡಿಯಿಂದ ಎರಡು ಪಾದ ಕಾಣುತ್ತವೆ. ಹಬ್ಬ ಹರಿದಿನಗಳಲ್ಲಿ ಅಲ್ಲೇ ನಮಸ್ಕಾರ ಮಾಡಿಬಿಡಬಹುದು.

ಪುರಾಣದಲ್ಲಿ ಸೂರ್ಯನ ರಥಕ್ಕೆ ಒಂದೇ ಚಕ್ರ, ಸಾರಥಿಗೆ ತೊಡೆಗಳೇ ಇಲ್ಲ. ಆದರೂ ಒಂದು ದಿನ ಬೆಳಕು ತಡವಾದದ್ದಿಲ್ಲ. ನಮ್ಮದಕ್ಕೆ ನಾಲ್ಕು ಚಕ್ರ, ಸಾರಥಿಯ ಕೈಕಾಲೆಲ್ಲ ನೆಟ್ಟಗಿವೆ. ಹೊರಡುವುದೊಂದು ಬಾಕಿ.

ಈ ಸಲ ಕೊಯ್ಲು ಹತ್ತಿರವಾದಾಗ ನಾನೇ ಗಡುವು ಕೊಟ್ಟೆ. ಆಯುಧ ಪೂಜೆಯ ದಿನ ಕಾರು ತಾನೇ ನಿಂಬೆಹಣ್ಣು ಹತ್ತಿ ಹೋದರೆ ಇರಲಿ. ಇಲ್ಲದಿದ್ದರೆ ಮಾರನೆಯ ದಿನವೇ ಗುಜರಿಗೆ, ಗೋಡೌನು ನನಗೆ. ಇವರು ದೇವರ ಮೇಲೆ ಮಾತು ಕೊಟ್ಟರು.

ಹಬ್ಬದ ಬೆಳಿಗ್ಗೆ ಸ್ಪ್ಯಾನರ್, ಸ್ಕ್ರೂಡ್ರೈವರ್, ಪ್ಲೈಯರ್ ಎಲ್ಲವನ್ನೂ ತೊಳೆದು ತಂದು ದೇವರ ಮುಂದೆ ಜೋಡಿಸಿದರು. ಕುಂಕುಮ ನಾನೇ ಹಚ್ಚಿದೆ. ಪೂಜೆಗಿಟ್ಟ ಹತ್ಯಾರವನ್ನು ಮರುದಿನದ ಪೂಜೆ ಮುಗಿಯುವವರೆಗೆ ಮುಟ್ಟಬಾರದೆಂಬುದು ನಮ್ಮನೆಯ ನೇಮ. ಇವರು ಎಡವಿದ್ದು ಅಲ್ಲೇ. ಕಾರನ್ನು ಒಮ್ಮೆ ಸ್ಟಾರ್ಟ್ ಮಾಡಿ ನೋಡುವ ಮೊದಲೇ ಆಯುಧ ಒಪ್ಪಿಸಿಬಿಟ್ಟಿದ್ದರು! ಕಾರನ್ನು ಅಂಗಳಕ್ಕೆ ತಳ್ಳಿ ನಾಲ್ಕು ಚಕ್ರದ ಮುಂದೂ ಒಂದೊಂದು ನಿಂಬೆಹಣ್ಣಿಟ್ಟೆವು.

ಕೀ ತಿರುಗಿಸಿದರು. ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬಾನೆಟ್ ಎತ್ತಿದರೆ ಪೆಟ್ರೋಲ್ ಪೈಪು ಕಳಚಿ ತೊಟ್ಟಿಕ್ಕುತ್ತಿದೆ.

"ಕರ್ಪೂರ ಆಚೆ ತಗೊಂಡ್ ಹೋಗೇ ಮಾರಾಯ್ತಿ!"

ಆರತಿ ತಟ್ಟೆ ಹಿಡಿದು ನಾನು ಓಡಿದ ವೇಗವನ್ನು ಆ ಕಾರು ಈ ಜನ್ಮದಲ್ಲಿ ಮುಟ್ಟಲಾರದು.

ಪೈಪಿನ ಕ್ಲಿಪ್ಪನ್ನು ಪ್ಲೈಯರಿನಲ್ಲಿ ಅಮುಕಿ ಕೂರಿಸಿದರೆ ಕೆಲಸ ಮುಗಿಯಿತು. ಬೆರಳಿಗೆ ಅದು ಜಗ್ಗುವುದಿಲ್ಲ. ಪ್ಲೈಯರ್ ಇರುವುದು ದೇವರ ಮುಂದೆ.

"ಅಯ್ಯಾ, ನಾಳೆ ಲಾರಿಗೆ ಹೇಳ್ಲಾ?" ಎಂದ ನಮ್ಮ ತೋಟದ ಮೇಸ್ತ್ರಿ ಚಂದ್ರಣ್ಣ.

"ಸುಮ್ನಿರಾ ಮಾರಾಯ" ಎಂದು ಇವರು ಒಳಗೆ ಬಂದರು.

ದೇವರ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ಅಡುಗೆಮನೆಯಿಂದ ಇಣುಕುತ್ತಿದ್ದದ್ದು ಇವರಿಗೆ ತಿಳಿಯದು. ಹೊಸ್ತಿಲಲ್ಲಿ ನಿಂತು ಕೈ ಚಾಚಿದರೆ ಪ್ಲೈಯರ್ ಸಿಗುತ್ತಿತ್ತು. ಚಾಚಲಿಲ್ಲ. ಸ್ವಲ್ಪ ಹೊತ್ತು ನೋಡಿದರು, ಕೈಮುಗಿದರು, ಹೊರಗೆ ಹೋದರು.

"ಲಾರಿಗೆ ಹೇಳು ಚಂದ್ರಣ್ಣ" ಎಂದದ್ದು ಕೇಳಿಸಿತು.

ಗೆದ್ದೆನೆಂದು ಹಿಗ್ಗಬೇಕಿತ್ತು. ಹಿಗ್ಗು ಬರಲಿಲ್ಲ. ಪಾಯಸದ ಪಾತ್ರೆ ಇಳಿಸಲು ಕೈಯಲ್ಲಿ ಇಕ್ಕಳ ಹಿಡಿದಿದ್ದೆ. ಹಬ್ಬದಡುಗೆ ಆಗಬೇಕಲ್ಲ, ಅದನ್ನು ಪೂಜೆಗೆ ಇಟ್ಟಿರಲಿಲ್ಲ. ಪಾಯಸ ಇಳಿಸಿ, ಇಕ್ಕಳವನ್ನು ತಣ್ಣೀರಿಗೆ ಅದ್ದಿ ಒರೆಸಿಕೊಂಡು ಅಂಗಳಕ್ಕೆ ನಡೆದೆ.

"ತಗೊಳ್ಳಿ. ಇದಕ್ಕೆ ಕುಂಕುಮ ಬಿದ್ದಿಲ್ಲ."

"ಅಡುಗೆಮನೇದಲ್ವೇನೇ ಇದು?"

"ಇಡ್ಲಿ ತಟ್ಟೆ ತಗೊಂಡ್ ಹೋಗುವಾಗ ಎಲ್ಲಿತ್ತು ನಿಮ್ಮ ಈ ಮಡಿ?"

ಕ್ಲಿಪ್ಪು ಕೂತಿತು. ಚೆಲ್ಲಿದ ಪೆಟ್ರೋಲು ಒರೆಸಿ, ಅದು ಆರುವವರೆಗೆ ಕಾದು ಕೀ ತಿರುಗಿಸಿದರು. ಕಾರು ಎಂಥಾ ಗರ್ಜನೆ ಮಾಡಿತೆಂದರೆ ನಮ್ಮ ಬೆಕ್ಕು ಎರಡು ದಿನ ಮನೆ ಸೇರಲಿಲ್ಲ. ನಾಲ್ಕು ನಿಂಬೆಹಣ್ಣೂ ಅಪ್ಪಚ್ಚಿ. ಚಂದ್ರಣ್ಣ ಇವರ ಮುಖ ಬಿಟ್ಟು ನನ್ನ ಮುಖ ನೋಡಿದ.

"ಲಾರಿ ಬೇಡ ಅನ್ಲಾ ಅಮ್ಮಾ?"

"ಬೇಡ ಅನ್ನು" ಎಂದೆ. ಈ ವರ್ಷವೂ ಮೂಟೆಗಳು ನಡುಮನೆಗೇ.

"ಬಾ, ಕೂತ್ಕೋ. ಬಣಕಲ್ ತನಕ ಹೋಗ್ ಬರಾಣ" ಎಂದರು ಇವರು. ಕೂತೆ. ಕೂತದ್ದೇನು, ಬಾವಿಗಿಳಿದ ಹಾಗೆ ಇಳಿದೆ. ಗೇಟಿನಾಚೆ ಕಾಫಿ ಗಿಡಗಳೆಲ್ಲ ಮರಗಳಾಗಿ ಕಂಡವು. ಎದುರಿಗೆ ಬಂದ ಬಸ್ಸಿನ ಚಕ್ರ ನನ್ನ ಹಣೆಯ ಮಟ್ಟಕ್ಕೆ ಉರುಳಿ ಹೋಯಿತು. ಇಷ್ಟದೈವಗಳನ್ನೆಲ್ಲ ಕರೆದೆ. ಇವರು ಮಾತ್ರ ಮದುವೆಯ ದಿನವೂ ನಗದಷ್ಟು ನಗುತ್ತಿದ್ದರು.

ಗೆದ್ದಿದ್ದರೆ ನನಗೆ ಗೋಡೌನು ಸಿಗುತ್ತಿತ್ತು. ಸೋತದ್ದಕ್ಕೆ ಇವರ ಪಕ್ಕದ ಸೀಟು ಸಿಕ್ಕಿದೆ. ಅದರಿಂದ ಮೇಲೇಳಲು ಮಾತ್ರ ಗಂಡನ ಎರಡೂ ಕೈ ಬೇಕು.