ಹಗೇವಿನ ಮೇಲೆ ಹಾಸಿದ ಕಲ್ಲು

ಕಥೆ ಕಟ್ಟುವುದು ನನಗೆ ಬರುವುದಿಲ್ಲ. ಬಂದಿದ್ದರೆ ಇದರಲ್ಲಿ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಕೊಳ್ಳುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮ ಇಷ್ಟ. ಆ ರಾತ್ರಿ ಆ ಮನೆಯಲ್ಲಿ ಇದ್ದದ್ದು ನಾನು, ನನ್ನ ಹತ್ತು ತಿಂಗಳ ಮಗಳು ಶಾಂತಾ... ಮತ್ತೆ ಇನ್ನೊಬ್ಬರು.

ಕರ್ನಾಟಕ ಒಂದಾದ ವರ್ಷ ಅದು. ದೀಪಾವಳಿ ಆಗಷ್ಟೇ ಮುಗಿದಿತ್ತು. ಬೆಳ್ಳಟ್ಟಿಯ ತುಂಬಿದ ಮನೆಯಿಂದ ಬೇರೆಯಾಗಿ ನಾವು ಮುಂಡರಗಿಗೆ ಬಂದೆವು. ನನ್ನ ಗಂಡ ಅಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟಿದ್ದರು. ಬೇರೆಯಾಗಲು ಕಾರಣ ನಾನೇ, ಸುಳ್ಳು ಯಾಕೆ ಹೇಳಲಿ? ಹಿರಿಯ ನೆಗೆಣ್ಣಿಗೂ, ಅಂದರೆ ಗಂಡನ ಅಣ್ಣನ ಹೆಂಡತಿಗೂ, ನನಗೂ ಎಣ್ಣೆ ಸೀಗೆಕಾಯಿ. ನಾನು ಬಂಡಿ ಹತ್ತುವಾಗ ಅವಳು ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಅಂದಳು:

"ಹೋಗಲಿ ಬಿಡ್ರಿ. ಎಂಟ ದಿನದಾಗ ಕೂಸಿನ್ನ ಬಗಲಾಗ ಇಟ್ಕೊಂಡು ಅಳಕೋಂತ ಬರ್ತಾಳ."

"ಸತ್ರೂ ಈ ಹೊಸ್ತಿಲ ತುಳಿಯಂಗಿಲ್ಲ ನಾ," ಅಂದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು ಆಗ. ಆ ಮಾತು ಆಡಿದ ಮೇಲೆ ಮುಂಡರಗಿಯ ಮನೆ ಬಿಟ್ಟರೆ ನನಗೆ ಬೇರೆ ಗತಿ ಇರಲಿಲ್ಲ. ಇದೊಂದನ್ನು ನೆನಪಿಡಿ, ಮುಂದೆ ನಾನು ಮಾಡಿದ್ದೆಲ್ಲ ಇದಕ್ಕಾಗಿಯೇ.

ಮನೆ ಎಂಟು ವರ್ಷದಿಂದ ಖಾಲಿ ಬಿದ್ದಿತ್ತು. ಮಣ್ಣಿನ ಮಾಳಿಗೆ, ಕಪ್ಪಾದ ಜಂತಿ, ಕೆರೆದರೆ ಉದುರುವ ಗೋಡೆ. ಬೇರೆಯವರಾದರೆ ಮೂಗು ಮುರಿಯುತ್ತಿದ್ದರು. ನನಗೋ ಕೈ ತುರಿಸಿತು. ದಸರೆಯಿಂದಲೇ ಬೆಳ್ಳಟ್ಟಿಯಿಂದ ಬಂದು ಹೋಗುತ್ತ, ಗಾರೆ ಕೆಲಸದ ಗೌಂಡಿ ಹುಸೇನಸಾಬನನ್ನು ಹಚ್ಚಿ ಕೆಲಸ ಮಾಡಿಸಿದೆ. ಗೋಡೆಗೆ ದಪ್ಪನೆ ಗಿಲಾಯಿ ಮಾಡಿಸಿ, ಸುಣ್ಣಕ್ಕೆ ಚೂರು ನೀಲಿ ಹಾಕಿಸಿ ಬಳಿಸಿದೆ. ಕೆಳಗೆ ಮೊಳದೆತ್ತರ ಕೆಮ್ಮಣ್ಣಿನ ಪಟ್ಟಿ. ದೀಪ ಇಡುವ ಗೂಡುಗಳಿಗೆ ಹಸಿರು ಬಣ್ಣ. ಮಾಳಿಗೆಯ ಬೆಳಕಿಂಡಿಗೆ ಗಾಜು ಕೂರಿಸಿದೆ. ಇವೆಲ್ಲಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಪಡಸಾಲೆಗೆ ಶಹಾಬಾದದ ಪರಸಿ ಕಲ್ಲು. ಬೆಳ್ಳಟ್ಟಿಯಲ್ಲಿ ದಿನಾ ಸಗಣಿ ಸಾರಿಸಿ ನನ್ನ ಬೆರಳು ಸವೆದಿದ್ದವು.

ಪಡಸಾಲೆಯ ನಡುವೆ ಒಂದು ಹಗೇವು ಇತ್ತು. ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ತೋಡುವ ಕುಣಿ ಅದು. ಬಾಯಿ ಒಬ್ಬರು ಇಳಿಯುವಷ್ಟೇ, ಕೆಳಗೆ ಹೊಟ್ಟೆ ದೊಡ್ಡದು. ಅದರ ಬಾಯಿಗೆ ಚಪ್ಪಡಿ ಇತ್ತು, ಮೇಲೆ ಮಾಳಿಗೆಯಿಂದ ಉದುರಿದ ಮಣ್ಣು ಕೂತಿತ್ತು. ಹಗೇವು ತೆರೆಯುವುದೆಂದರೆ ಸುಮ್ಮನಲ್ಲ. ಮುಚ್ಚಿಟ್ಟ ಗಾಳಿ ವಿಷ. ದಿನವಿಡೀ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

"ಅಕ್ಕಾರ, ಕಲ್ಲ ಹಾಸೂಕಿಂತ ಮೊದಲ ಹಗೇವು ಒಮ್ಮಿ ತೆಗೆದು ನೋಡೂಣ್ರಿ. ಒಳಗ ಏನೈತಿ ಏನಿಲ್ಲ ತಿಳೀಬೇಕಲ್ರಿ," ಅಂದ ಹುಸೇನಸಾಬ.

"ಏನಿರತೈತೋ? ಹುಳ ಹತ್ತಿದ ನಾಲ್ಕ ಸೇರು ಜೋಳ. ನಾಡದ ಹಾಲ ಉಕ್ಕಸೋದೈತಿ, ಜಲ್ದಿ ಹಾಸಿ ಮುಗಸು."

"ತೆಗೀದ ಮುಚ್ಚಬಾರದ್ರಿ..."

"ಹಾಸು ಅಂದ್ನೆಲ್ಲ!"

ಅವನು ಚಪ್ಪಡಿಯ ಮೇಲೆಯೇ ಗಾರೆ ಹಾಕಿ ಪರಸಿ ಕೂರಿಸಿದ. ನೋಡಲು ಕನ್ನಡಿಯಂತಿತ್ತು.

ಆ ದಿನ ಬೆಳಿಗ್ಗೆ ಹಾಲು ಉಕ್ಕಿಸಿದೆವು. ಅರ್ಧ ಸಾಮಾನು ಇಳಿಸಿ, ಉಳಿದದ್ದನ್ನು ತರಲು ಗಂಡ ಬಂಡಿ ಹೊಡೆದುಕೊಂಡು ಬೆಳ್ಳಟ್ಟಿಗೆ ಹೋದರು. ಬರುವುದು ಮರುದಿನವೇ. ಹಾಲು ಉಕ್ಕಿಸಿ ದೀಪ ಹಚ್ಚಿದ ಮನೆಯನ್ನು ಮೊದಲ ರಾತ್ರಿ ಖಾಲಿ ಬಿಡಬಾರದು, ದೀಪವೂ ಆರಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಹಾಗಾಗಿ ಕೂಸಿನೊಂದಿಗೆ ನಾನು ಉಳಿದೆ.

ಸಂಜೆ ಬಾಜೂ ಮನೆಯ ನೀಲಕ್ಕ ಬಂದಳು. ವಯಸ್ಸಾದ ಹೆಂಗಸು. "ತಂಗಿ, ಒಬ್ಬಾಕಿನ ಮಲಗ್ತೀಯಲ್ಲ, ನಾ ಬಂದು ಮಲಗ್ಲೇನು?" ಅಂದಳು.

"ನಮ್ಮನಿಯಾಗ ಮಲಗಾಕ ನನಗ್ಯಾಕ ಅಂಜಿಕಿ, ನೀಲಕ್ಕ?"

ಅವಳು ಒಂದು ಕ್ಷಣ ಆ ಕಲ್ಲಿನ ನೆಲ ನೋಡಿ ಎದ್ದು ಹೋದಳು.

ಬಾಗಿಲು ಹಾಕಿ ಅಗಳಿ ಸರಿಸಿದೆ. ಬಾಗಿಲ ಹಿಂದೆ ಗೋಡೆಯಿಂದ ಗೋಡೆಗೆ ಹೋಗುವ ದಪ್ಪ ಮರದ ತುಂಡು ಅದು. ಗೋಡೆಯ ತೂತು ಅಸಹ್ಯವಾಗಿ ಕಾಣುತ್ತದೆಂದು ಅಲ್ಲಿಗೂ ನಾನು ಗಿಲಾಯಿ ಮೆತ್ತಿಸಿದ್ದೆ. ಬಿಗಿಯಾಗಿತ್ತು. ಒನಕೆಯಿಂದ ಎರಡು ಏಟು ಹಾಕಿ ಒಳಗೆ ತುರುಕಿದೆ.

ರಾತ್ರಿ ಎಷ್ಟು ಹೊತ್ತಾಗಿತ್ತೋ... ಎಚ್ಚರವಾಯಿತು.

ಮೊದಲು ಬಂದದ್ದು ವಾಸನೆ. ಹೊಸ ಸುಣ್ಣದ ವಾಸನೆಯ ನಡುವೆ ಹುಳಿಹುಳಿಯಾದ, ಮುಗ್ಗಿದ ಜೋಳದ ವಾಸನೆ. ಹಗೇವು ತೆರೆದಾಗ ಬರುವಂಥದ್ದು. ಆದರೆ ಹಗೇವು ತೆರೆದಿರಲಿಲ್ಲ.

ಪಕ್ಕದಲ್ಲಿ ಶಾಂತಾ ಇರಲಿಲ್ಲ.

ಗೂಡಿನ ದೀಪದ ಬೆಳಕಿನಲ್ಲಿ ನೋಡಿದರೆ, ಅಂಬೆಗಾಲಿಟ್ಟು ಪಡಸಾಲೆಯ ನಡುವೆ ಹೋಗಿ ಕುಳಿತಿದ್ದಾಳೆ. ಕಲ್ಲಿನ ಮೇಲೆ ಅಂಗೈಯಿಂದ ಬಡಿಯುತ್ತಿದ್ದಾಳೆ. ಪಟ್... ಪಟ್... ಪಟ್. ಬಡಿದು ಸುಮ್ಮನಾಗುತ್ತಾಳೆ. ತಲೆ ಓರೆ ಮಾಡಿ ಕೇಳುತ್ತಾಳೆ.

ಕೆಳಗಿನಿಂದ... ಪಟ್... ಪಟ್... ಪಟ್.

ಮಗು ಕಿಲಕಿಲ ನಕ್ಕಿತು. ಎರಡು ಸಲ ಬಡಿಯಿತು. ಕೆಳಗಿನಿಂದಲೂ ಎರಡೇ ಸಲ.

ನಾನು ಹೇಗೆ ಎದ್ದೆನೋ, ಹೇಗೆ ಅವಳನ್ನು ಬಾಚಿಕೊಂಡೆನೋ ತಿಳಿಯದು. ನನ್ನ ಪಾದ ಆ ಕಲ್ಲಿನ ಮೇಲೆ ಬಿದ್ದಾಗ ಅದು ಬೆಚ್ಚಗಿತ್ತು. ಸುತ್ತಲಿನ ಕಲ್ಲೆಲ್ಲ ಕಾರ್ತಿಕದ ಚಳಿಗೆ ತಣ್ಣಗೆ ಕೊರೆಯುತ್ತಿದ್ದವು, ಅದೊಂದೇ ಯಾರೋ ಕುಳಿತು ಎದ್ದ ಜಾಗದಂತೆ ಬೆಚ್ಚಗಿತ್ತು.

ಬಾಗಿಲಿಗೆ ಓಡಿದೆ. ಅಗಳಿ ಎಳೆದೆ... ಬರಲಿಲ್ಲ. ಹಸಿ ಗಿಲಾಯಿಗೆ ಉಬ್ಬಿ ಗೋಡೆಯಲ್ಲೇ ಕಚ್ಚಿಕೊಂಡಿತ್ತು. ಕೂಸನ್ನು ಬಗಲಿಗೆ ಒತ್ತಿಕೊಂಡು ಒಂದೇ ಕೈಯಲ್ಲಿ ಜಗ್ಗಿದೆ. ಉಗುರು ಕಿತ್ತುಬಂದವು. ಹಿತ್ತಲ ಬಾಗಿಲಿಗೆ ಹೋಗಬೇಕೆಂದರೆ ಪಡಸಾಲೆಯ ಎರಡೂ ಕಡೆ ಗಂಟುಮೂಟೆ, ನಡುವೆ ಉಳಿದದ್ದು ಆ ಕಲ್ಲಿನ ಮೇಲಿನ ದಾರಿ ಒಂದೇ.

ಕೂಗಬಹುದಿತ್ತು. ನೀಲಕ್ಕನ ಮನೆ ಒಂದೇ ಗೋಡೆಯಾಚೆ. ಬಾಯಿ ತೆರೆದೆ ಕೂಡ. ಆಗ ಹಿರಿಯ ನೆಗೆಣ್ಣಿಯ ಮುಖ ಕಣ್ಣ ಮುಂದೆ ಬಂತು. ಮೊದಲ ರಾತ್ರಿಯೇ ಹೊಸ ಮನೆಯಲ್ಲಿ ಚೀರಿಕೊಂಡಳಂತೆ ಎಂಬ ಖಬರು ಬೆಳ್ಳಟ್ಟಿಗೆ ಮುಟ್ಟಲು ಎಷ್ಟು ಹೊತ್ತು? ಜೀವಕ್ಕಿಂತ ಮಾನ ದೊಡ್ಡದಾಗಿ ಕಂಡಿತು ನೋಡಿ, ಅಂಥ ಹುಚ್ಚಿ ನಾನು. ಬಾಯಿ ಮುಚ್ಚಿಕೊಂಡು ಬಾಗಿಲಿಗೆ ಬೆನ್ನು ಹಚ್ಚಿ ನಿಂತೆ.

ಆಗ ಕೇಳಿಸಿತು.

"ಅವ್ವಾ..."

ಆರೇಳು ವರ್ಷದ ಮಗುವಿನ ದನಿ. ಗಡಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಗುಂಯ್ಯೆನ್ನುತ್ತಿತ್ತು. ಪಿಸುದನಿ. ಯಾರಾದರೂ ಕೇಳಿಸಿಕೊಂಡಾರೆಂಬ ಅಂಜಿಕೆ ಅದರಲ್ಲಿ ನನಗಿಂತ ಹೆಚ್ಚಾಗಿತ್ತು.

"ಅವ್ವಾ... ಹೋದ್ರೇನು ಅವರು?"

ಶಾಂತಾ ಆ ಕಡೆಗೇ ಕೈ ಚಾಚಿ ಜಿಗಿಯುತ್ತಿದ್ದಳು.

"ನಾ ಅಳಲಿಲ್ಲಬೇ. ಕೆಮ್ಮ ಬಂದ್ರೂ ಕೆಮ್ಮಲಿಲ್ಲ... ಹೋದ್ರೇನು? ಮ್ಯಾಲೆ ಬರ್ಲೇನು?"

ಟಕ್ ಎಂದು ಸದ್ದಾಯಿತು. ಕಲ್ಲಿನ ಸಂದಿಯ ಗಾರೆ ಬಿರಿಯಿತು. ಕೂದಲೆಳೆಯಷ್ಟು ಗೆರೆ ಕಲ್ಲಿನ ನಾಲ್ಕೂ ಬದಿಗೆ ನಿಧಾನವಾಗಿ ಓಡಿದ್ದನ್ನು ಈ ಕಣ್ಣಿನಿಂದ ನೋಡಿದೆ. ಕಲ್ಲಿನ ಒಂದು ಮೂಲೆ ಮೇಲೆದ್ದಿತು... ಕೆಳಗಿಳಿಯಿತು... ಮತ್ತೆ ಎದ್ದಿತು. ವಾಸನೆ ದಟ್ಟವಾಯಿತು. ಗೂಡಿನ ದೀಪ ಸಣ್ಣಗಾಗಿ ಸಣ್ಣಗಾಗಿ ನೀಲಿ ಚುಕ್ಕೆಯಾಯಿತು.

"ಬರ್ಲೇನಬೇ?"

ಹಿಂದೆ ಬಾಗಿಲು ಬಿಡದು, ಮುಂದೆ ಕಲ್ಲು ಏಳುತ್ತಿದೆ, ಬಗಲಲ್ಲಿ ಕೂಸು. ಆಗ ನನ್ನ ಬಾಯಿಂದ ಮಾತು ಬಂತು. ಯೋಚಿಸಿ ಆಡಿದ್ದಲ್ಲ. ಆದರೆ ಆಡಿದ್ದು ನಾನೇ.

"ಇನ್ನ ಹೋಗಿಲ್ಲವ್ವಾ. ಇಲ್ಲೇ ಅದಾರ. ಸುಮ್ಮನ ಕುಂಡ್ರು. ನಾ ಕರಿತೀನಿ... ಆಗ ಬಾ."

ಕಲ್ಲು ನಿಂತಿತು.

ಕೆಳಗಿನಿಂದ ಒಂದೇ ಒಂದು ಮಾತು.

"ಹೂಂ."

ಅಷ್ಟೇ. ಕಲ್ಲಿನ ಮೂಲೆ ಸದ್ದಿಲ್ಲದೆ ತನ್ನ ಜಾಗದಲ್ಲಿ ಕುಳಿತಿತು. ದೀಪ ಚೇತರಿಸಿಕೊಂಡಿತು. ನಾನು ಬೆಳಗಾಗುವವರೆಗೆ ನಿಂತೇ ಇದ್ದೆ, ಕೂಸು ಹೆಗಲ ಮೇಲೆಯೇ ನಿದ್ದೆ ಹೋಯಿತು.

ಬೆಳಿಗ್ಗೆ ನೀಲಕ್ಕ ಬಾಗಿಲು ಬಡಿದಳು. ಓಣಿಯ ಇಬ್ಬರು ಗಂಡಸರು ಹಾರೆ ತಂದು ಅಗಳಿ ಮುರಿದು ಬಾಗಿಲು ತೆರೆದರು. ನನ್ನ ಮುಖ ನೋಡಿದವಳೇ ನೀಲಕ್ಕ ಅವರನ್ನು ಕಳಿಸಿ, ಹತ್ತಿರ ಕುಳಿತಳು.

"ಈ ಮನಿಯಾಗ ಯಾರಿದ್ರು, ನೀಲಕ್ಕ?"

"ಎಂಟ ವರ್ಷದ ಹಿಂದ ರಜಾಕಾರರ ಗದ್ದಲದಾಗ ಗಡಿ ಆಚಿಂದ ಮಂದಿ ಓಡಿ ಬಂದಿದ್ರಲ್ಲ ತಂಗಿ, ಅದರಾಗ ಒಂದು ಮನಿತನ ಇಲ್ಲಿ ಎಂಟ ದಿನ ಇಳಕೊಂಡಿತ್ತು. ಒಂದ ರಾತ್ರಿ, ಬಂದ್ರು ಬಂದ್ರು ಅಂತ ಹುಯ್ಲ ಎದ್ದಿತು. ಖರೇನ ಬಂದಿದ್ರೋ ಇಲ್ಲೋ, ದೇವ್ರಿಗೆ ಗೊತ್ತು. ಕತ್ತಲಾಗ ಎಲ್ಲಾರೂ ದಿಕ್ಕಿಗೊಬ್ಬರಾದ್ರು. ಮುಂಜಾನಿ ನೋಡಿದ್ರ ಮನಿ ಖಾಲಿ."

"ಮಕ್ಕಳಿದ್ರೇನು?"

"ಇದ್ವು. ಎಷ್ಟ ಬಂದಿದ್ವು, ಎಷ್ಟ ಹೋದ್ವು, ಯಾರು ಎಣಿಸ್ಯಾರವ್ವಾ?" ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹಗೇವಿನ ಬಾಯಿ ಮುಚ್ಚೇ ಇತ್ತು. ಯಾರೂ ತೆಗೀಲಿಲ್ಲ."

ಸಂಜೆ ಗಂಡ ಬಂದರು. ಬಿರುಕು ನೋಡಿ ಹುಸೇನಸಾಬನನ್ನು ಕರೆಸಿದರು. ಹಸಿ ಗಾರೆ ಬಿರಿಯುವುದುಂಟು ಎಂದ ಅವನು. ಆದರೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ, "ಈಗರೆ ತೆಗೀಲೇನ್ರಿ, ಅಕ್ಕಾರ?"

ಗಂಡನೂ ನನ್ನತ್ತ ನೋಡಿದರು. ನಾನು ಅವರಿಗೆ ಏನೂ ಹೇಳಿರಲಿಲ್ಲ. ತೆಗೆದರೆ ಏನು ಸಿಗುತ್ತದೆಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅನಿಸಿತ್ತು. ಸಿಕ್ಕ ಮೇಲೆ ಆ ಮನೆಯಲ್ಲಿ ಯಾರು ಇರುತ್ತಾರೆ? ಗಂಡ ಬಂಡಿಯ ಎತ್ತು ಬಿಚ್ಚಿಯೂ ಇರಲಿಲ್ಲ. ಅದೇ ಬಂಡಿಯಲ್ಲಿ ಬೆಳ್ಳಟ್ಟಿಗೆ ಹೊರಡಬೇಕಾಗುತ್ತಿತ್ತು.

"ಬ್ಯಾಡ," ಅಂದೆ. "ಸಂದಿ ತುಂಬಿಬಿಡು."

ತುಂಬಿದ. ನನ್ನ ಮನೆ ನನಗೆ ಉಳಿಯಿತು. ಅದೇ ಪಡಸಾಲೆಯಲ್ಲಿ ಇನ್ನೂ ಮೂರು ಮಕ್ಕಳನ್ನು ಬೆಳೆಸಿದೆ, ಮದುವೆ ಮುಂಜಿ ಮಾಡಿದೆ. ಬಂದವರೆಲ್ಲ ಮನೆ ಎಷ್ಟು ಚಂದ ಇಟ್ಟುಕೊಂಡಿದ್ದೀರಿ ಅಂದರು. ಗಂಡ ತೀರಿಕೊಂಡು ವರ್ಷಗಳಾದವು, ಅವರಿಗೂ ಕೊನೆತನಕ ಹೇಳಲಿಲ್ಲ. ಈಗ ಮಗ ಕಲ್ಲು ಕಿತ್ತು ಟೈಲ್ಸ್ ಹಾಕಿಸೋಣ ಅನ್ನುತ್ತಾನೆ. ನಾನು ಸಾಯುವವರೆಗೆ ಬೇಡ ಅಂದರೆ, ಮುದುಕಿಗೆ ಹಟ ಅಂದುಕೊಳ್ಳುತ್ತಾನೆ.

ಆ ರಾತ್ರಿಯ ಮೇಲೆ ಒಂದು ದಿನವೂ ಸದ್ದಾಗಿಲ್ಲ. ಬಡಿತವಿಲ್ಲ, ವಾಸನೆಯಿಲ್ಲ, ದನಿಯಿಲ್ಲ. ಹಾಗಾದರೆ ಒಳ್ಳೆಯದೇ ಆಯಿತಲ್ಲ, ಪೀಡೆ ತೊಲಗಿತು ಅನ್ನುತ್ತೀರಿ ನೀವು.

ತೊಲಗಿಲ್ಲ. ಆ ಪಡಸಾಲೆಯಲ್ಲಿ ನಿಂತು ನಾನು ಇಂದಿಗೂ ಯಾರನ್ನೂ ಬಾ ಎಂದು ಕರೆಯುವುದಿಲ್ಲ. ಮಕ್ಕಳನ್ನು ಊಟಕ್ಕೆ ಎಬ್ಬಿಸಬೇಕಾದರೂ ಹತ್ತಿರ ಹೋಗಿ ಮೈ ಮುಟ್ಟಿ ಎಬ್ಬಿಸಿದ್ದೇನೆ. ಅದು ಸದ್ದು ಮಾಡದಿರುವುದು ಯಾಕೆಂದು ನನಗೊಬ್ಬಳಿಗೇ ಗೊತ್ತು. ಅಳಬೇಡ ಎಂದು ತಾಯಿ ಹೇಳಿದಾಗ ಅಳದ ಮಗು ಅದು. ಸುಮ್ಮನೆ ಕೂಡು ಎಂದು ನಾನು ಹೇಳಿದೆ. ಕೂತಿದೆ.