ಆಯುಧಪೂಜೆಯ ಮರುದಿನದ ಕಪ್ಪು ಪರದೆ

ಕುಣಿಗಲ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ನನ್ನದು. ಮದುವೆ ಎಂದರೆ ನನಗೀಗ ಹೂವೂ ನೆನಪಾಗುವುದಿಲ್ಲ, ಊಟವೂ ನೆನಪಾಗುವುದಿಲ್ಲ. ‘ತಮ್ಮ ಸುಖಾಗಮನ ಬಯಸುವವರು’ ಎಂಬಲ್ಲಿಂದ ಕೆಳಗೆ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ನನ್ನ ಕುರ್ಚಿಯ ಹಿಂದೆ ನಿಂತು ಜಗಳವಾಡದ ಮನೆಯವರನ್ನು ನಾನು ಕಂಡಿಲ್ಲ. ಪ್ರತಿ ತಿದ್ದುಪಡಿಯನ್ನೂ ಬೇರೆ ಫೈಲಾಗಿಯೇ ಇಡುತ್ತೇನೆ; ನಾಳೆ ಬಂದು ಹಳೆಯದೇ ಸರಿ ಎನ್ನುವವರಿಗೇನು ಕಡಿಮೆಯೆ? ಸಾಕಾಗಿದೆ.

ಕಳೆದ ದಸರೆಗೆ ಮುಂಚೆ ಹುಲಿಯೂರುದುರ್ಗದ ಕಡೆಯ ಒಬ್ಬ ಹೆಂಗಸು ಬಂದರು. ಮದುವೆ ಅವರ ಅಣ್ಣನ ಮಗಳದು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವರು ಈ ಸೋದರತ್ತೆಯೇ, ಈಗ ಓಡಾಟವೂ ಇವರದೇ. ದೊಡ್ಡಪ್ಪಂದಿರು ಒಂದು ಕಡೆ, ಸೋದರಮಾವಂದಿರು ಇನ್ನೊಂದು ಕಡೆ ಎಳೆದಾಡಿ ಪತ್ರಿಕೆ ಎಷ್ಟೋ ಸಲ ಬದಲಾಯಿತು. ಕಡೆಗೆ ಯಾರದೋ ಹೆಸರು ಬಿಟ್ಟುಹೋಗಿದೆಯೆಂದು ಫೋನ್ ಬಂತು. ಜಾಗವಿರಲಿಲ್ಲ. ಆಕೆ ಪರದೆಯ ಮೇಲೆ ಬೆರಳಿಟ್ಟು ಒಂದು ಹೆಸರು ತೆಗೆಸಿ, ಆ ಜಾಗದಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದರು. ಎಲ್ಲರೂ ಫೋನಿನಲ್ಲೇ ಒಪ್ಪಿದರು. ಕಾಗದದ ಮೇಲೆ ಇನ್ನೂ ಇಳಿದಿರಲಿಲ್ಲ. ವಿಜಯದಶಮಿಯ ಬೆಳಿಗ್ಗೆ ಮೊದಲ ಪತ್ರಿಕೆಯನ್ನು ಯಡಿಯೂರಿನ ಸ್ವಾಮಿಯ ಮುಂದಿಟ್ಟು ಹಂಚಲು ಶುರುಮಾಡುವುದೆಂದು ಮಾತಾಯಿತು.

ಹಿಂದಿನ ದಿನ ಆಯುಧಪೂಜೆ. ನನ್ನ ಹೆಂಡತಿ ಕಂಪ್ಯೂಟರಿಗೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, “ಇವತ್ತೊಂದಿನನಾದ್ರೂ ಅದುಕ್ಕೆ ರೆಸ್ಟ್ ಕೊಡ್ರಿ” ಎಂದು ಮೇನ್ ಸ್ವಿಚ್ ಆರಿಸಿಬಿಟ್ಟಳು. ಆಯುಧ ಅಂದು ಕೆಲಸ ಮಾಡಬಾರದು, ಸರಿಯೇ. ಆದರೆ ಅವಳು ಸ್ವಿಚ್ ಆರಿಸಿದಾಗ ಕಂಪ್ಯೂಟರ್ ಇನ್ನೂ ಓಡುತ್ತಲೇ ಇತ್ತು; ಹಾಗೆ ದಿಢೀರನೆ ಕರೆಂಟ್ ತೆಗೆದರೆ ಅದು ಕೆಡುತ್ತದೆ.

ಮರುದಿನ ಹಾರ ತೆಗೆದು ಸ್ವಿಚ್ ಒತ್ತಿದರೆ ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಇಂಗ್ಲಿಷಿನ ಒಂದು ಸಾಲು, ಪಕ್ಕದಲ್ಲಿ ಮಿಣುಕುವ ಒಂದು ಗೆರೆ. ಸೋದರತ್ತೆ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಸುಳ್ಳು ಹೇಳುವ ತ್ರಾಣವೂ ಇರಲಿಲ್ಲ, ಇದ್ದದ್ದನ್ನು ಹೇಳಿದೆ.

“ಮತ್ತೆ ಅವ್ರುನ್ನೆಲ್ಲಾ ಕೂರ್ಸಿ ಒಪ್ಸೋಕೆ ನನ್ ಕೈಲಾಗಾಕಿಲ್ಲ ಸಾರ್,” ಎಂದರು. “ಈ ಸಲ ಯಾರಾದ್ರೂ ಒಬ್ರು ಮದ್ವೆಗೇ ಬರಾಕಿಲ್ಲ ಅಂತ ಕುಂತ್ಕೊತಾರೆ. ಮಗಾ ಅಳ್ತದೆ.”

ತುಮಕೂರಿನಲ್ಲಿ ಮೇಷ್ಟ್ರಾಗಿರುವ ಭಾವಮೈದನಿಗೆ ಫೋನ್ ಮಾಡಿದೆ. ಹಳೆಯ ಯಂತ್ರಕ್ಕೆ ಹಗುರವೆಂದು ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ಅವನೇ. ಗುಬ್ಬಿಯ ಬಸ್ಸಿನಲ್ಲಿದ್ದ.

“ನಿಮ್ ಹೆಸ್ರು, ಪಾಸ್‌ವರ್ಡ್ ಹೊಡೀರಿ ಭಾವ.”

ಹೊಡೆದೆ. ಪಾಸ್‌ವರ್ಡಿನ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡೂ ಹೋಯಿತೆಂದು ತಲೆ ಕೆಟ್ಟಿತು.

“ಅದು ಕಾಣ್ಸಲ್ಲ, ಹಂಗೇ. ಹೊಡ್ದು ಎಂಟರ್ ಒತ್ತಿ. ಈಗ ಎಲ್, ಎಸ್. ಒಳಗೆ ಏನೇನದೆ ಅಂತ ತೋರ್ಸುತ್ತೆ.”

ತೋರಿಸಿತು, ಬರೀ ಚೌಕಗಳನ್ನು. ಫೈಲುಗಳಿಗೆಲ್ಲ ಕನ್ನಡದಲ್ಲೇ ಹೆಸರಿಡುವುದು ನನ್ನ ಹಟ. ಈ ಕಪ್ಪು ಪರದೆಗೆ ಕನ್ನಡ ಬಾರದು. ಎಲ್ಲ ಹೆಸರೂ ಒಂದೇ ಥರ ಕಾಣುತ್ತಿತ್ತು.

“ಮುಗೀತು ಕಣೋ,” ಎಂದೆ.

“ಹೆಸ್ರು ಯಾಕೆ ಭಾವ? ಎಂಟರ ಮೇಲಿರೋ ನಕ್ಷತ್ರದ ಗುರುತು ಹಾಕಿ. ನಕ್ಷತ್ರ ಅಂದ್ರೆ ಎಲ್ಲಾರೂ ಅಂತ.”

ಪೆನ್ ಡ್ರೈವ್ ಸಿಕ್ಕಿಸಲು ಹೇಳಿ, ಅದನ್ನು ಯಂತ್ರಕ್ಕೆ ಪರಿಚಯಿಸುವ ಉದ್ದದ ಸಾಲೊಂದನ್ನು ಅಕ್ಷರ ಅಕ್ಷರವಾಗಿ ಹೊಡೆಸಿದ. ಆಮೇಲೆ, “ಸಿ, ಪಿ. ನಕಲು ಮಾಡೋದು ಅದು. ಆರ್ ಎಮ್ ಅಲ್ಲ ಮತ್ತೆ! ಅದ್ನ ಹೊಡುದ್ರೆ ಒಂದ್ ಮಾತೂ ಕೇಳ್ದೆ ಎಲ್ಲಾ ಅಳಿಸಾಕುತ್ತೆ. ಸಿ ಪಿ, ನಕ್ಷತ್ರ, ಪೆನ್ ಡ್ರೈವಿನ ಜಾಗ. ಕೆಲ್ಸ ಆದ್ರೆ ಅದು ಸುಮ್ನಿರುತ್ತೆ. ತಪ್ಪಾದ್ರೆ ಮಾತ್ರ ಬಯ್ಯುತ್ತೆ,” ಎನ್ನುತ್ತಿದ್ದಂತೆ ಲೈನ್ ಕಟ್ಟಾಯಿತು.

ಯಾರು ಮೊದಲು, ಯಾರು ಆಮೇಲೆ ಎಂದು ಕೇಳದ ಒಂದು ಗುರುತನ್ನು ನಾನು ಈ ಅಂಗಡಿಯಲ್ಲಿ ಕಂಡಿದ್ದು ಅದೇ ಮೊದಲು. ಸಿ, ಪಿ ಎಂದು ಬಾಯಲ್ಲೇ ಓದಿಕೊಂಡು ಎಂಟರ್ ಒತ್ತಿದೆ. ಯಂತ್ರ ಏನೂ ಹೇಳಲಿಲ್ಲ. ಗೆರೆ ಮತ್ತೆ ಮಿಣುಕಿತು, ಅಷ್ಟೇ.

ಪೆನ್ ಡ್ರೈವ್ ಹಿಡಿದು ಪಕ್ಕದ ಫೋಟೋ ಸ್ಟುಡಿಯೋಗೆ ಹೋದೆವು. ಅಲ್ಲಿನ ಕಂಪ್ಯೂಟರಿನಲ್ಲಿ ಹೆಸರುಗಳೆಲ್ಲ ಕನ್ನಡದಲ್ಲೇ ಬಂದವು. ನನಗೆ ಅಳು ಬಂದಂತಾಯಿತು. ಕಣ್ಣು ಮಂಜಾಗಿ, ಕೈಗೆ ಸಿಕ್ಕ ಮೊದಲ ಪತ್ರಿಕೆಯನ್ನೇ ತೆರೆದೆ.

ಸೋದರತ್ತೆ ಬಗ್ಗಿ ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಇಳಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

“ಇದಲ್ಲ ಸಾರ್, ಇದು ಹಳೇದು,” ಎಂದರು. “ಇದ್ರಲ್ಲಿ ನಾನಿದೀನಿ.”