ಕಬ್ಬಿಣ ಕುಡಿಸುವ ಪದ್ದಕ್ಕ

ಬಕೆಟ್ಟು ಪ್ಲಾಸ್ಟಿಕ್ಕಿನದು, ನೆಲ ಒರೆಸುವ ಕೋಲು ಮರದ್ದು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಪದ್ದಕ್ಕ ಯಂತ್ರದ ಅಡಿಗೆ ಬಗ್ಗಿ, ಒರೆಸಿದ ನೆಲದ ಮೇಲೆ ಇನ್ನೊಮ್ಮೆ ಅಂಗೈ ಆಡಿಸುತ್ತಿದ್ದಾರೆ. ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕೊಲ್ಲೂರಿಗೆ ಹೋಗುವ ಮೊದಲ ಬಸ್ಸಿನ ಹಾರ್ನು ಕೇಳುತ್ತಿದೆ.

"ಒಂದ್ ತಲೆಪಿನ್ನ್ ಬಿದ್ದಿದ್ರೂ ಇದ್ ಎಳ್ಕಣತ್ತ್," ಎನ್ನುತ್ತ ಯಂತ್ರದ ಮೈ ತಟ್ಟುತ್ತಾರೆ, ಹಟಮಾರಿ ದನವನ್ನು ತಟ್ಟಿದ ಹಾಗೆ. "ನಾವ್ ಮನಿಗ್ ಹೋದ್ರೂ ಇದ್ಕೆ ರಜೆ ಇಲ್ಲೆ ಕಾಣಿ."

ಇದು ಕುಂದಾಪುರದ ಒಂದು ಸ್ಕ್ಯಾನಿಂಗ್ ಸೆಂಟರು. ಯಂತ್ರವೆಂದರೆ ಮನುಷ್ಯ ಒಳಗೆ ಮಲಗುವಷ್ಟು ದೊಡ್ಡ ಅಯಸ್ಕಾಂತ. ಅದರ ಬಾಗಿಲಲ್ಲಿ ಕೂತು, ಬಂದವರ ಮೈಮೇಲಿನ ಲೋಹವನ್ನೆಲ್ಲ ತೆಗೆಸುವುದು ಪದ್ದಕ್ಕನ ಕೆಲಸ. ಹೊಟ್ಟೆಯ ಚಿತ್ರಕ್ಕೆ ಬಂದವರಿಗೆ ಮದ್ದು ಕುಡಿಸುವುದೂ ಅವರದೇ ಪಾಲು. ಕಳೆದ ವರ್ಷ ನನಗೂ ಆ ಕೈಯೇ ಕುಡಿಸಿತ್ತು. ಆ ಋಣದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಈಗ ಮನೆ ಕುಂದಾಪುರದಲ್ಲಿದ್ದರೂ ಪದ್ದಕ್ಕ ಮರವಂತೆಯವರು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಕೆರಾಡಿಯ ತನಕ ಮನೆಮನೆ ತಿರುಗಿದವರು. 1997ರಲ್ಲಿ ಕುತ್ತಿಗೆಯ ಎಲುಬು ಸವೆದಿದೆ, ಇನ್ನು ಬುಟ್ಟಿ ಹೊರಬೇಡ ಎಂದ ಡಾಕ್ಟರೇ ತಮ್ಮ ಆಸ್ಪತ್ರೆಯಲ್ಲಿ ಆಯಾ ಕೆಲಸವನ್ನೂ ಕೊಟ್ಟರು. ಹತ್ತು ವರ್ಷ ಬಿಟ್ಟು ಈ ಯಂತ್ರ ಬಂದಾಗ ಇಲ್ಲಿಗೆ ಕಳಿಸಿದರು. ದಿನಕ್ಕೆ ಎಂಟು ಹತ್ತು ಜನ ಬರುತ್ತಾರೆ. ಕರಿಮಣಿ ತೆಗೆಯುವುದಿಲ್ಲ ಎಂದು ಅಳುವವರಿಗೆ ಪದ್ದಕ್ಕ ಅರಿಶಿನ ಹಚ್ಚಿದ ನೂಲನ್ನು ಕೊರಳಿಗೆ ಕಟ್ಟುತ್ತಾರೆ. ಕರಿಮಣಿಯನ್ನು ಬಟ್ಟಲಿಗೆ ಹಾಕದೆ, ಅವರು ಹೊರಗೆ ಬರುವ ತನಕ ತಮ್ಮ ಮುಷ್ಟಿಯಲ್ಲೇ ಹಿಡಿದಿರುತ್ತಾರೆ. ಹುಟ್ಟಿದಾಗಿನಿಂದ ಉಡಿದಾರ ಬಿಚ್ಚದ ಗಂಡಸರನ್ನು ಒಪ್ಪಿಸುವುದು ಇನ್ನೂ ಕಷ್ಟವಂತೆ.

ಆದರೆ ನಿಜವಾದ ಪಂಚಾಯಿತಿ ಆಮೇಲೆ. ಪಿತ್ತನಾಳದ ಚಿತ್ರ ತೆಗೆಯುವಾಗ ಹೊಟ್ಟೆಯಲ್ಲಿರುವ ನೀರು ಬೆಳ್ಳಗೆ ಹೊಳೆದು ಹಿಂದಿನ ಸಣ್ಣ ನಾಳವನ್ನು ಮುಚ್ಚಿಬಿಡುತ್ತದೆ. ಅದಕ್ಕೆ ಒಂದು ಕಂದು ಮದ್ದು ಕುಡಿಸುತ್ತಾರೆ. ಅದರಲ್ಲಿರುವುದು ಕಣ್ಣಿಗೆ ಕಾಣದಷ್ಟು ನುಣ್ಣಗಿನ ಕಬ್ಬಿಣದ ಕಣ. ಕುಡಿದರೆ ಚಿತ್ರದಲ್ಲಿ ಹೊಟ್ಟೆ ಕಪ್ಪಾಗುತ್ತದೆ, ನಾಳ ಎದ್ದು ಕಾಣುತ್ತದೆ. ಪದ್ದಕ್ಕ ಇದನ್ನು ಹೇಳುವ ರೀತಿಯೇ ಬೇರೆ: "ದೋಣಿಯಗೆ ಕಣ್ಣೆದ್ರ್ ಲಾಟೀನ್ ಇಟ್ಕಂಡ್ರೆ ದಡದ್ ದೀಪ ಕಾಂತಿಲ್ಲೆ. ಲಾಟೀನಿಗೊಂದ್ ಮರೆ ಹಿಡೀಕ್. ಈ ಮದ್ದ್ ಆ ಮರೆ, ಅಷ್ಟೇ."

ಅಷ್ಟಕ್ಕೇ ಜನ ಒಪ್ಪುತ್ತಾರೆಯೇ? ಮೂಗುತಿಯನ್ನೂ ಬಿಡದೆ ತೆಗೆಸಿದವಳು ಈಗ ಕಬ್ಬಿಣವನ್ನೇ ಕುಡಿ ಎನ್ನುತ್ತಾಳೆ! ಪದ್ದಕ್ಕನ ಸ್ವಂತ ಅಣ್ಣನೇ ಒಪ್ಪಲಿಲ್ಲ.

ಅಣ್ಣನ ಹೆಸರು ಕುಷ್ಟ. ಮರವಂತೆಯಲ್ಲಿ ದೋಣಿಗೆ ಹೋಗುವವರು. ಎರಡು ವರ್ಷದ ಹಿಂದೆ ಕಣ್ಣು ಅರಿಶಿನವಾಗಿ ಇಲ್ಲಿಗೆ ಬಂದರು. ಶನಿಕಾಟ ತಟ್ಟದಿರಲಿ ಎಂದು ದೋಣಿಯ ಹಳೇ ಮೊಳೆಯಿಂದ ಮಾಡಿಸಿಕೊಂಡಿದ್ದ ಉಂಗುರವನ್ನು ತಂಗಿಯೇ ಸೋಪು ಹಚ್ಚಿ ತೆಗೆದಳು. ಆಮೇಲೆ ಲೋಟ ಕೊಟ್ಟಳು. ಅದರಲ್ಲಿ ಏನಿದೆ ಎಂದು ಕೇಳಿದ್ದೇ ಅಣ್ಣ ಎದ್ದು ನಿಂತರು.

"ಬೆರಳಗಿಪ್ಪ ಕಬ್ಬಿಣ ಆಗ, ಹೊಟ್ಟಿಗ್ ಹಾಕೂಕ್ ಆತ್ತಾ? ಕರುಳ್ ಹರ್ದ್ ಬಪ್ಕಾ? ನೀ ನನ್ ತಂಗಿಯಾ, ಎಂತ?"

ಉಂಗುರ ಹಾಕಿಕೊಂಡು, ಆಸ್ಪತ್ರೆಯ ಹಸಿರು ಅಂಗಿಯಲ್ಲೇ ಹೋಗಿ ಬಸ್ಸು ಹತ್ತಿದರು. ಅಂದಿನಿಂದ ತಂಗಿಯ ಫೋನು ಎತ್ತಿಲ್ಲ. ಕಾಮಾಲೆ ತಾನಾಗಿ ಇಳಿಯಿತಂತೆ. ಆದರೆ ನಾಳದಲ್ಲಿ ಕಲ್ಲು ಉಳಿದಿದ್ದರೆ ಮತ್ತೆ ಕಟ್ಟಿಕೊಂಡು, ಕೀವಾಗಿ, ಜೀವಕ್ಕೇ ಬರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅವರ ಅಪ್ಪ ಹೋದದ್ದೂ ಹಳದಿಯಾಗಿಯೇ.

"ಊರಿನವ್ರಿಗೆಲ್ಲ ಕುಡ್ಸ್ತೆ," ಎನ್ನುತ್ತಾರೆ ಪದ್ದಕ್ಕ. "ನನ್ ಅಣ್ಣಂಗ್ ಕುಡ್ಸೂಕ್ ಆಯ್ಲಿಲ್ಲೆ."

ಒಂಬತ್ತು ಗಂಟೆಗೆ ಶೀನ ಎಂಬವರು ಬಂದಿದ್ದಾರೆ. ನಲವತ್ತರ ಮೀನುಗಾರ, ಕಣ್ಣು ಹಳದಿ. ಹಸಿರು ಅಂಗಿ ಕೊಟ್ಟದ್ದೇ ತಡ, ಎತ್ತಿ ಹಿಡಿದು ನಗಾಡುತ್ತಾರೆ.

"ಹ್ವಾಯ್, ಇದ್ ನಮ್ಮೂರ್ ಕುಷ್ಟಣ್ಣನ್ ಅಂಗಿ ಅಲ್ದಾ? ಬಲೆ ಹೊಲೂಕ್ ಕೂಕಂಬತ್ತಿಗೆ ದಿನಾ ಇದನ್ನೇ ಹಾಕ್ಕಂತ್ರ್!"

ಪದ್ದಕ್ಕನಿಗೂ ನಗು ಬರುತ್ತದೆ. "ಆಸ್ಪತ್ರೆ ಅಂಗಿ ಕದ್ದವ ನನ್ ಅಣ್ಣನೇ ಮಾರಾಯಾ. ಅವ ಈಗ ಹ್ಯಾಂಗಿದ್ದ?"

ಶೀನನ ನಗು ಇಳಿಯುತ್ತದೆ. "ಆಗಾಗ ಹೊಟ್ಟೆ ಹಿಡ್ಕಂಡ್ ಕೂಕಂತ್ರ್. ಮೊನ್ನೆ ದೋಣಿಗೂ ಬರ್ಲಿಲ್ಲೆ."

ಪದ್ದಕ್ಕ ಲೋಟ ತುಂಬುತ್ತಾರೆ. ಶೀನನ ಪ್ರಶ್ನೆಯೂ ಅದೇ: ಅಯಸ್ಕಾಂತ ಎಳೆದರೆ?

"ಲಂಗರ್ ಅಲ್ಲ ನಾ ಕುಡ್ಸೂದ್. ಬಸಳೆಯಂಗೂ ಕಬ್ಬಿಣ ಇತ್ತಂಬ್ರ್. ಬಸಳೆ ತಿಂದವ್ರನ್ನ ಇದ್ ಎಳ್ದಿತ್ತಾ? ಕುಡಿ. ನಾ ಬಾಗ್ಲಗೇ ಇರ್ತೆ."

ಶೀನ ಕಣ್ಣು ಮುಚ್ಚಿ ಕುಡಿಯುತ್ತಾರೆ. "ಎಂಥಾ ರುಚಿ ಮಾರಾಯ್ತಿ! ನಿಮ್ ಅಣ್ಣ ಓಡಿದ್ದ್ ಸಮ ಇತ್ತ್!"

"ಪದ್ದಕ್ಕ ರಜೆ ಹಾಕಿದ ದಿನ ಅರ್ಧ ಜನ ಲೋಟ ಮುಟ್ಟೂದಿಲ್ಲ," ಎನ್ನುತ್ತಾರೆ ಯಂತ್ರ ನಡೆಸುವ ಶೈಲೇಶ್. ಇವತ್ತಿನ ಚಿತ್ರ ಚೆನ್ನಾಗಿ ಬಂದಿದೆ. ಹೊಟ್ಟೆ ಇದ್ದ ಜಾಗ ಕಪ್ಪು, ಅದರಾಚೆ ಬೆಳ್ಳಗಿನ ನಾಳ, ನಾಳದ ತುದಿಯಲ್ಲಿ ಎರಡು ಕಲ್ಲು. ಬಾಯಿಯಿಂದ ನಳಿಗೆ ಇಳಿಸಿ ತೆಗೆಯಬಹುದು ಎಂದು ಡಾಕ್ಟರು ಹೇಳಿದಾಗ ಶೀನ ಪದ್ದಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾರೆ.

ಆಗ ಪದ್ದಕ್ಕ ತಮ್ಮ ಚೀಲದ ತಳದಿಂದ ಒಂದು ಕವರು ತೆಗೆಯುತ್ತಾರೆ. ಅಣ್ಣನಿಗೆ ಬರೆದದ್ದು, ಕಳೆದ ಚೌತಿಗೆ. ಅಂಚೆಚೀಟಿ ಹಚ್ಚಿಯೂ ಆಗಿತ್ತು. ಡಬ್ಬಿಗೆ ಹಾಕಲು ಮಾತ್ರ ಕೈ ಬಂದಿರಲಿಲ್ಲ.

"ಅಪ್ಪ ಹೋದ್ಮೇಲೆ ನನ್ನನ್ನ್ ಸಾಕಿದ್ದ್ ಅವ. ಸಣ್ಣವ್ಳ್ ನಾನ್, ಅವಂಗ್ ಬುದ್ಧಿ ಹೇಳೂದ್ ಹ್ಯಾಂಗೆ?" ಎಂದು ನನಗೆ ಓದಲು ಕೊಡುತ್ತಾರೆ. ನಾಲ್ಕನೇ ಕ್ಲಾಸಿನ ದುಂಡಕ್ಷರ: "ಅಣ್ಣಾ, ನಾನು ಹೇಳಬಾರದು, ಆದರೂ ಬಾ. ನಿನ್ನ ಉಂಗುರ ಬಟ್ಟಲಿಗೆ ಹಾಕುವುದಿಲ್ಲ. ನೀನು ಹೊರಗೆ ಬರುವ ತನಕ ನನ್ನ ಬೆರಳಲ್ಲಿ ಇರುತ್ತದೆ."

ಮರವಂತೆಯ ಮೇಲೆ ಹೋಗುವ ಬೈಂದೂರು ಬಸ್ಸು ಬಂದಿದೆ. ಶೀನ ಪದ್ದಕ್ಕ ಕೊಟ್ಟ ಕವರನ್ನು ತಮ್ಮ ಅಂಗಿಯ ಜೇಬಿಗೆ ಸೇರಿಸಿ ಮೆಟ್ಟಿಲು ಹತ್ತುತ್ತಾರೆ.

"ಕೈಯಗ್ ಕೊಟ್ರ್ ಸಾಕಾ, ಓದಿ ಹೇಳ್ಕಾ?"

"ಓದಿ ಹೇಳ್," ಎನ್ನುತ್ತಾರೆ ಪದ್ದಕ್ಕ, ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತ. "ಮತ್ತೆ ಅಂಗಿ ಎತ್ತಿ, ಕಬ್ಬಿಣ ಕುಡ್ದ ನಿನ್ ಹೊಟ್ಟೆನೂ ಒಂದ್ಸಲ ತೋರ್ಸ್!"